ಪರಿಚಯದ ಒಂದು ಸಾಲು

‘ಈ ಕಮಾಂಡ್ ಯಾವುದೋ ನನಗೆ ಗೊತ್ತಿಲ್ಲ’ ಎಂದಿತು ಪರದೆ, ಮೂರನೆಯ ಸಲ, ಕೆಂಪು ಅಕ್ಷರಗಳಲ್ಲಿ. ಟಪಾಲಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಆಸ್ಪತ್ರೆಯ ಮೇಲ್ ಸರ್ವರ್ ನೋಡಿಕೊಳ್ಳುವವಳು ಅವಳು. ಆ ಕೆಲಸಕ್ಕೇ ಎಲ್ಲರೂ ಸೇರಿ ಇಟ್ಟ ಹೆಸರು ಅದು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂಕಾಲು.

ದಿನವೂ ಹನ್ನೆರಡಕ್ಕೆ ಸರಿಯಾಗಿ ಅವಳು ಬರೆದಿಟ್ಟ ಸ್ಕ್ರಿಪ್ಟ್ ತಾನೇ ಎದ್ದು, ಹಸುಗೂಸುಗಳ ರಕ್ತಪರೀಕ್ಷೆಯ ವರದಿಗಳನ್ನು ಆಯಾ ದಾದಿಯರಿಗೆ ಮೇಲ್ ಮಾಡಿ, ಮತ್ತೆ ಮಲಗುತ್ತಿತ್ತು. ಇವತ್ತಿನವು ಅರವತ್ತಮೂರು. ಒಂದು ಗಂಟೆಗೆ ದಾದಿಯರು ಕೂಸುಗಳ ಮನೆಗಳಿಗೆ ಹೋಗಲು ದೋಣಿ ಹತ್ತುತ್ತಾರೆ. ಹೊಳೆಯಾಚೆ ನೆಟ್‌ವರ್ಕ್ ಇಲ್ಲ. ಅಷ್ಟರೊಳಗೆ ವರದಿ ಸಿಗದಿದ್ದರೆ, ಯಾವ ಕೂಸಿಗೆ ಔಷಧಿ ಶುರುಮಾಡಬೇಕೆಂಬುದು ತಿಳಿಯುವುದು ನಾಳೆಯೇ. ನಿನ್ನೆ ಸಂಜೆ ಹಳೆಯ ಸರ್ವರ್ ತೆಗೆದು ಹೊಸದನ್ನು ಕೂರಿಸಿದ್ದರು. ವಿಚಿತ್ರವೆಂದರೆ, ಅದೇ ಕಮಾಂಡನ್ನು ಅವಳು ತನ್ನ ಪರದೆಯಲ್ಲಿ ಕೈಯಾರೆ ಟೈಪು ಮಾಡಿದರೆ ಹೊಸ ಸರ್ವರ್ ಹೇಳಿದಂತೆ ಕೇಳುತ್ತಿತ್ತು. ಸ್ಕ್ರಿಪ್ಟ್ ಹೇಳಿದರೆ ಮಾತ್ರ, ಯಾರು ನೀನು ಅನ್ನುತ್ತಿತ್ತು. ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿದಳು. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಮೇಲ್ವಿಚಾರಕರು ಬಾಗಿಲಲ್ಲಿ ತಲೆ ಹಾಕಿದರು. “ಏನಮ್ಮಾ, ನಿನ್ನ ಟಪಾಲು ಹೊರಡ್ತೋ ಇಲ್ವೋ?”

“ಇಲ್ಲ ಸಾರ್. ಸ್ಕ್ರಿಪ್ಟ್ ಹೇಳಿದ್ದನ್ನ ಇದು ಕಿವಿಗೇ ಹಾಕ್ಕೊಳ್ತಿಲ್ಲ.”

“ಕೈಯಲ್ಲೇ ಒಂದೊಂದಾಗಿ ಕಳಿಸು ಮತ್ತೆ. ಆದಷ್ಟು ಆಗಲಿ.”

“ಒಂದಕ್ಕೆ ಎರಡು ನಿಮಿಷ. ದೋಣಿ ಬಿಡೋದ್ರೊಳಗೆ ಇಪ್ಪತ್ತೆರಡು ಹೋಗಬಹುದು. ಎಲ್ಲಾ ಬೀಗ ಹಾಕಿದ ವರದಿಗಳು, ಯಾವುದರಲ್ಲಿ ಏನಿದೆ ಅಂತ ನನಗೂ ಕಾಣಲ್ಲ. ಯಾವ ಮಗೂನ ಬಿಡಲಿ, ನೀವೇ ಹೇಳಿ.”

“ಒಂದು ದಿನ ತಡ ಆದ್ರೆ ಆಕಾಶ ಕಳಚಿ ಬೀಳುತ್ತಾ?”

“ಹತ್ತು ದಿನದ ಕೂಸಿಗೆ ಒಂದು ದಿನ ಅಂದ್ರೆ ಅದರ ಆಯಸ್ಸಲ್ಲಿ ಹತ್ತನೇ ಒಂದು ಪಾಲು ಸಾರ್.”

ಮೇಲ್ವಿಚಾರಕರು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು. ಟಪಾಲಮ್ಮ ಒಂದು ಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆದಳು. ದಾರಿ ತೋರಿಸು ಎಂದಷ್ಟೇ ಕೇಳಿಕೊಂಡಳು; ನಡೆಯುವುದು ತನ್ನ ಪಾಲಿನ ಕೆಲಸ. ಮೊದಲ ಸಾಲಿನಿಂದ ಮತ್ತೆ ಓದತೊಡಗಿದಾಗ ಫೋನು ಹೊಡೆದುಕೊಂಡಿತು. ಗೇಟಿನಿಂದ, ಈ ವಾರ ಸೇರಿದ ಹೊಸ ಕಾವಲುಗಾರ.

“ಮೇಡಂ, ಇಲ್ಲೊಬ್ಬರು ಅಜ್ಜಿ ನಿಂತಿದ್ದಾರೆ. ಗುಡಿಸೋಕೆ ಬಂದಿದೀನಿ ಅಂತಾರೆ. ನನ್ನ ಪಟ್ಟೀಲಿ ಇಲ್ಲ. ನಿಮ್ಮನ್ನ ಕೇಳು ಅಂತಿದ್ದಾರೆ.”

ಹಿಂದಿನಿಂದ ದೊಡ್ಡ ದನಿ ಕೇಳಿಸಿತು. “ದೊಡ್ಡಮ್ಮ ಬಂದಿದಾಳೆ ಅಂತ ಹೇಳು! ನಿನಗೆ ಮೀಸೆ ಬರೋಕೆ ಮುಂಚೆಯಿಂದ ಈ ಗೇಟು ದಾಟ್ತಿದೀನಿ ಕಣಪ್ಪಾ!”

“ನಿನ್ನೆ ಬಿಟ್ಟಿದ್ರಲ್ಲ?” ಎಂದಳು ಟಪಾಲಮ್ಮ, ಕಣ್ಣು ಪರದೆಯ ಮೇಲೆಯೇ ಇಟ್ಟು.

“ನಿನ್ನೆ ನಿಮ್ಮ ಜೊತೆ ಬಂದ್ರು, ಬಿಟ್ಟೆ. ಒಬ್ಬರೇ ಬಂದ್ರೆ ಯಾರು ಏನು ಅಂತ ನನಗೆ ಹೇಗೆ ಗೊತ್ತಾಗಬೇಕು? ಹಳೇ ಕಾವಲುಗಾರನಿಗೆ ಗೊತ್ತಿತ್ತೇನೋ. ನನಗೆ ಯಾರೂ ಪರಿಚಯ ಮಾಡಿಸಿಲ್ಲ.”

ಅವಳ ಬೆರಳು ಕೀಲಿಮಣೆಯ ಮೇಲೆ ನಿಂತಿತು. “ಇನ್ನೊಂದ್ಸಲ ಹೇಳಿ.”

“ಯಾರೂ ಪರಿಚಯ ಮಾಡಿಸಿಲ್ಲ ಅಂದೆ ಮೇಡಂ.”

“ಅವರನ್ನ ಕೂರಿಸಿ. ನಾನೇ ಬರ್ತೀನಿ.”

ಅವಳ ಪರದೆ ತೆರೆದುಕೊಳ್ಳುವಾಗಲೇ ಮೇಲ್ ಕಳಿಸುವ ಕಮಾಂಡುಗಳ ಗಂಟನ್ನು ಕೈಹಿಡಿದು ಕರೆತರುತ್ತಿತ್ತು. ಆದ್ದರಿಂದ ಅಲ್ಲಿ ಎಲ್ಲರಿಗೂ ಎಲ್ಲರ ಗುರುತು. ಸ್ಕ್ರಿಪ್ಟ್ ಓಡುವುದು ಬರಿದಾದ ಕೋಣೆಯಲ್ಲಿ, ಒಂಟಿಯಾಗಿ. ಹಳೆಯ ಸರ್ವರಿಗೆ ಯಾವತ್ತೋ ಆ ಗಂಟನ್ನು ಪರಿಚಯಿಸಿಟ್ಟಿದ್ದವಳು ತಾನೇ. ಎಲ್ಲಿಯೂ ಬರೆದಿಡದೆ ಮರೆತವಳೂ ತಾನೇ. ಸ್ಕ್ರಿಪ್ಟಿನ ನೆತ್ತಿಯ ಮೇಲೆ ಒಂದೇ ಒಂದು ಸಾಲು ಸೇರಿಸಿದಳು: ಮೊದಲು ಇವರನ್ನು ಒಳಗೆ ಕರೆ. ಆಮೇಲೆ ಓಡಿಸಿದಳು.

ಕೆಂಪು ಅಕ್ಷರ ಬರಲಿಲ್ಲ. ಒಂದು, ಎರಡು, ಹನ್ನೊಂದು, ನಲವತ್ತು. ಅರವತ್ತಮೂರಕ್ಕೆ ಬಂದು ನಿಂತಿತು. ಗಡಿಯಾರದಲ್ಲಿ ಹನ್ನೆರಡೂ ನಲವತ್ತು. ಯಾವುದೋ ದಾದಿಯ ಉತ್ತರ ಆಗಲೇ ಬಂದಿತ್ತು: ‘ಸಿಕ್ಕಿತು. ಔಷಧಿ ಬೇಕಾದ ಆ ಕೂಸಿನ ಮನೆಗೇ ಮೊದಲು ಹೋಗುತ್ತೇನೆ.’

ಗೇಟಿನಲ್ಲಿ ದೊಡ್ಡಮ್ಮ ಕಾವಲುಗಾರನ ಸ್ಟೂಲನ್ನೇ ಹಿಡಿದು ಕೂತಿದ್ದಳು. “ಬಾ ತಾಯಿ. ನೀನು ಬರೋದ್ರೊಳಗೆ ಇವನ ಗೇಟನ್ನೇ ಎರಡು ಸಲ ಗುಡಿಸಿ ಆಯ್ತು.”

“ನಿಮ್ಮಿಂದ ಇವತ್ತು ದೊಡ್ಡ ಉಪಕಾರ ಆಯ್ತು ದೊಡ್ಡಮ್ಮಾ.”

“ಹೊರಗೆ ಕೂತಿದ್ದಕ್ಕಾ? ಹಾಗಿದ್ರೆ ನಾಳೇನೂ ಕೂರ್ತೀನಿ ಬಿಡು.”

ಟಪಾಲಮ್ಮ ನಕ್ಕು ಪಟ್ಟಿಯನ್ನು ಇಸಿದುಕೊಂಡಳು. ಖಾಲಿ ಸಾಲಿನಲ್ಲಿ ‘ಗುಡಿಸುವವರು, ಮಧ್ಯಾಹ್ನದ ಪಾಳಿ’ ಎಂದು ಬರೆದಳು. ಪಕ್ಕದ ಕಾಲಮ್ಮಿಗೆ ಬಂದಾಗ ಪೆನ್ನು ನಿಂತುಬಿಟ್ಟಿತು. ದೊಡ್ಡಮ್ಮನ ಮಂಡಿನೋವು ಗೊತ್ತು, ಮೊಮ್ಮಗಳ ತುಂಟಾಟ ಗೊತ್ತು, ಚಹಾಕ್ಕೆ ಎಷ್ಟು ಸಕ್ಕರೆ ಎಂಬುದೂ ಗೊತ್ತು.

“ಹೆಸರು ಮೇಡಂ?” ಎಂದ ಕಾವಲುಗಾರ.

ಟಪಾಲಮ್ಮ ತಲೆಯೆತ್ತಿದಳು. ದೊಡ್ಡಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು, ಬೇಸರವಿಲ್ಲದೆ, ಅವಸರವಿಲ್ಲದೆ. ಆಮೇಲೆ “ಕೊಡಿಲ್ಲಿ” ಎಂದು ಪೆನ್ನು ತೆಗೆದುಕೊಂಡು, ಪ್ರತಿ ಅಕ್ಷರಕ್ಕೂ ಒಮ್ಮೆ ಕೈಯೆತ್ತುತ್ತಾ, ದುಂಡಗೆ ತಾನೇ ಬರೆದಳು. ಟಪಾಲಮ್ಮ ಬಾಗಿ, ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಆ ಹೆಸರನ್ನು ಓದಿದಳು.