ಬಾಕಿ ಸೊನ್ನೆ

ಬೀದಿದೀಪದ ದೂರು ವಿಭಾಗಕ್ಕೆ ನಾಳೆ ಬಹುಮಾನ. ಎಂಟು ತಿಂಗಳಿಂದ ಅಲ್ಲಿ ಒಂದು ದೂರೂ ಬಾಕಿಯಿಲ್ಲ. ಬಂದದ್ದನ್ನೆಲ್ಲ ಲೈನ್‌ಮನ್‌ಗೆ ಫೋನಿನಲ್ಲಿ ಹೇಳಿ, ಅವನು 'ಆಯ್ತು ಮೇಡಂ' ಎಂದೊಡನೆ ಎಕ್ಸೆಲ್ ಶೀಟಿನಲ್ಲಿ 'ಮುಗಿದಿದೆ' ಎಂದು ಗುರುತು ಹಾಕುತ್ತ ಬಂದವಳು ವಾರಿಜಾಕ್ಷಿ. ನಾಳೆಗೆಂದು ರೇಷ್ಮೆ ಸೀರೆಗೆ ಇಸ್ತ್ರಿಯನ್ನೂ ಮಾಡಿಸಿಟ್ಟಿದ್ದಳು.

ಶೀಟನ್ನು ಕೊನೆಯ ಸಲ ನೋಡಿಹೋಗಲು ಬಂದ ಕಂಪ್ಯೂಟರ್ ತಂತ್ರಜ್ಞ ಅದರ ಮೂಲೆಯ ಪುಟ್ಟ ಬಾಕ್ಸಿನತ್ತ ಬೆರಳು ತೋರಿಸಿದ.

"ಮೇಡಂ, ಟ್ರೇನಿಂಗ್ ದಿನ ಹಾಕಿದ್ದ 'ಟೆಸ್ಟ್' ಹಾಗೇ ಇದೆಯಲ್ಲ. ಇವೆಲ್ಲ ಕೈ ಪಳಗಲಿ ಅಂತ ದಿನಾ ಹೊಸದಾಗಿ ಬರೋ ಹಾಗೆ ನಾವೇ ಹುಟ್ಟಿಸಿದ ದೂರುಗಳು. ಈ ಬೀದಿಗಳೇ ಊರಲ್ಲಿಲ್ಲ."

"ಲೈನ್‌ಮನ್ ಎಲ್ಲಾ ಕಡೆ ಬಲ್ಬ್ ಹಾಕ್ದೆ ಅಂದನಲ್ಲಪ್ಪ?"

ಅವನು ಬಾಕ್ಸಿನಲ್ಲಿ 'ಲೈವ್' ಆರಿಸಿದ. ಜನರ ನಿಜವಾದ ದೂರುಗಳು, ನಾಲ್ಕು ಸಾವಿರದಷ್ಟು, ಯಾರೂ ಮುಟ್ಟದೆ ಹಾಗೇ ಕೂತಿದ್ದವು. ಆರನೆಯದು ವಾರಿಜಾಕ್ಷಿಯದೇ, ಅವಳ ಮನೆಮುಂದಿನ ಕಂಬದ್ದು.

ವಿಭಾಗದ ಸಾಹೇಬರು ಬಂದು ಬಾಕ್ಸಿನತ್ತ ಬಗ್ಗಿ ನೋಡಿದರು.

"ಆ ಎರಡು ಹೆಸರು ಅದಲುಬದಲು ಮಾಡೋಕೆ ಎಷ್ಟೊತ್ತು ಬೇಕಪ್ಪ?"

"ಎರಡು ನಿಮಿಷ ಸರ್."

"ಮಾಡು."

ಟೆಸ್ಟ್ ಇದ್ದದ್ದು ಲೈವ್ ಆಯಿತು, ಲೈವ್ ಇದ್ದದ್ದು ಟೆಸ್ಟ್ ಆಯಿತು. ಬಾಕಿ ಮತ್ತೆ ಸೊನ್ನೆಗೆ ಬಂತು. ವಾರಿಜಾಕ್ಷಿಗೂ ಹೋದ ಜೀವ ಬಂದಂತಾಯಿತು. ಆಮೇಲೆ ಮೆಲ್ಲಗೆ ಕೇಳಿದಳು, "ಸರ್, ನಮ್ಮನೆ ಮುಂದಿನ ಲೈಟಾದ್ರೂ..."

"ಏನಮ್ಮ ನೀವು," ಎಂದರು ಸಾಹೇಬರು, "ಟೆಸ್ಟ್ ದೂರಿಗೆಲ್ಲ ಯಾರಾದ್ರೂ ಬಲ್ಬ್ ಹಾಕ್ತಾರಾ?"