ಸವತಿಯ ವಂಕಿ

"ತೆಗೆದುಬಿಡಿ ಸಿಸ್ಟರ್. ಈಗಲೇ ತೆಗೀರಿ. ಇಲ್ಲಾಂದ್ರೆ ನಿಜ ಹೇಳಿ, ಅವಳಿಗೆ ಒಳ್ಳೇದು ಹಾಕಿ ನನಗೆ ಕೆಟ್ಟದ್ದು ಹಾಕಿದ್ರಾ?"

ಮಂಚದ ಮೇಲೆ ಮಲಗಿಕೊಂಡೇ ಕಗೋಯಾ ಕೇಳಿದಳು. ನರ್ಸ್‌ಗೆ ನಗು ಬಂತು. ಮೂರು ತಿಂಗಳ ಹಿಂದೆ ಇದೇ ಮಂಚದ ಮೇಲೆ ಅರ್ಧ ಗಂಟೆಯ ಅಂತರದಲ್ಲಿ ಇಬ್ಬರು ಸವತಿಯರಿಗೂ ಬಸಿರು ನಿಲ್ಲದಂತೆ ವಂಕಿ ಹಾಕಿದವಳು ಅವಳೇ.

"ಎರಡೂ ಒಂದೇ ಡಬ್ಬಿಯದು ಕಣಮ್ಮ. ಒಬ್ಬೊಬ್ಬರ ಮೈ ಒಂದೊಂದು ಥರ. ತಾಮ್ರದ್ದು ಶುರುವಿನ ಕೆಲವು ತಿಂಗಳು ಹೀಗೆ ಕಾಡಿಸುತ್ತೆ, ಆಮೇಲೆ ಸರಿಹೋಗುತ್ತೆ. ಜಾಗ ಬಿಟ್ಟು ಕದಲಿಲ್ಲ. ಬೇಡ ಅಂದ್ರೆ ಈಗಲೇ ತೆಗೀತೀನಿ. ಹೊರಗೆ ಗಾಳಿಗೆ ಕೂತು ಯೋಚನೆ ಮಾಡಿ ಬನ್ನಿ."

ಯೋಚನೆಗೇನು ಉಳಿದಿತ್ತು? ವಂಕಿ ಹಾಕಿಸಿಕೊಂಡ ದಿನ ಕಿರಿಯ ಸವತಿ ನೈಗಾಗ ಉಟ್ಟಿದ್ದ ಉದ್ದನೆಯ ಗೊಮೆಸಿ ನಿಲುವಂಗಿ ಕೊಡವಿಕೊಂಡು ಸಲೀಸಾಗಿ ಎದ್ದಿದ್ದಳು. ದಾರಿಯಲ್ಲಿ ಸೌದೆ ಕೊಂಡು ತಲೆಯ ಮೇಲೆ ಹೊತ್ತು ಮನೆಗೆ ನಡೆದಿದ್ದಳು. ಕಗೋಯಾ ಮೂರು ದಿನ ಹೊಟ್ಟೆ ಹಿಡಿದುಕೊಂಡು ಚಾಪೆ ಬಿಟ್ಟು ಏಳಲಿಲ್ಲ. ಆಮೇಲಿನಿಂದ ತಿಂಗಳಲ್ಲಿ ಹದಿನೈದು ದಿನ ರಕ್ತ. ಗಂಡ ಮುಧಾಸಿ ಎರಡು ದಿನ ಈ ಮನೆ, ಎರಡು ದಿನ ಅಂಗಳದಾಚೆಯ ಆ ಮನೆ ಎಂದು ಸರದಿ ಹಾಕಿಕೊಂಡಿದ್ದ. ಇವಳ ಸರದಿ ಬಂದಾಗ "ಇವತ್ತೂ ಆಗಲ್ಲ" ಎಂದರೆ ಸಾಕು, ಮರುಮಾತಾಡದೆ ಕೋಟು ಹೆಗಲಿಗೆ ಹಾಕಿಕೊಂಡು ಅಂಗಳ ದಾಟುತ್ತಿದ್ದ. ಆಚೆ ಮನೆಯ ಚಿಲಕದ ಸದ್ದು ಇವಳ ಎದೆಗೇ ಬಡಿಯುತ್ತಿತ್ತು. ಬೆಳಿಗ್ಗೆ ನೈಗಾಗ ಮರಗೆಣಸು ಕರಿಯುತ್ತಾ ಗಿರಾಕಿಗಳ ಜೊತೆ ನಕ್ಕರೆ, ಆ ನಗುವಿನಲ್ಲಿ ತನ್ನ ಎರಡು ರಾತ್ರಿಗಳೂ ಸೇರಿವೆ ಎಂದು ಕಗೋಯಾಗೆ ಅನಿಸುತ್ತಿತ್ತು. ಐದನೆಯ ಹೆರಿಗೆಯಲ್ಲಿ ಜೀವ ಹೋಗಿ ಬಂದದ್ದು ಮರೆತಿರಲಿಲ್ಲ. ಆದರೂ ಸಾಯುವುದಾದರೆ ಗಂಡನ ಜೊತೆಯಲ್ಲೇ ಇದ್ದು ಸಾಯುತ್ತೇನೆ, ಅವಳಿಗೆ ಬಿಟ್ಟುಕೊಡಲ್ಲ ಎಂದುಕೊಂಡೇ ಬಂದಿದ್ದಳು.

ಹೊರಗೆ ಬಂದರೆ ಮಾವಿನ ಮರದ ಕೆಳಗಿನ ಬೆಂಚಿನ ಮೇಲೆ ನೈಗಾಗ! ಮಡಿಲಲ್ಲಿ ಮಗು, ಕಣ್ಣ ಸುತ್ತ ಕಪ್ಪು. ಕಗೋಯಾಳ ಹೊಟ್ಟೆ ಉರಿದುಹೋಯಿತು.

"ಏನೇ, ಅಷ್ಟು ಬೇಗ ತೆಗೆಸೋಕೆ ಬಂದ್ಯಾ? ಗಂಡು ಮಗು ಹೆತ್ತು ಕೊಡೋ ಆತುರಾನಾ? ನನ್ನ ಸರದೀನೂ ಸೇರಿಸಿ ನುಂಗಿದ್ದು ಸಾಲಲಿಲ್ವಾ?"

ನೈಗಾಗ ಸಿಟ್ಟಾಗಲಿಲ್ಲ. ಬೆಂಚಿನ ತುದಿಗೆ ಸರಿದು ಜಾಗ ಬಿಟ್ಟಳು.

"ನಿಮ್ಮನ್ನ ನೋಡಿದ್ರೆ ನನಗೆ ಹೊಟ್ಟೆಕಿಚ್ಚು ಅಕ್ಕ."

"ನನ್ನನ್ನಾ? ತಮಾಷೆ ಮಾಡ್ತೀಯಾ?"

"ರಕ್ತ ಹೋಗ್ತಿದೆ ಅಂದ್ರೆ ಅವರು ಸುಮ್ಮನೆ ಎದ್ದು ಹೊರಡ್ತಾರೆ. ನೀವು ಮಕ್ಕಳನ್ನ ತಬ್ಬಿಕೊಂಡು ನಿದ್ದೆ ಮಾಡ್ತೀರಿ. ನನ್ನ ಮಗೂಗೆ ಹಲ್ಲು ಬರ್ತಿದೆ, ಕೋಳಿ ಕೂಗೋ ಮುಂಚೆ ಬಾಣಲೆ ಇಡಬೇಕು. ನಿಮ್ಮ ಎರಡು ದಿನವೂ ನನ್ನ ತಲೆ ಮೇಲೇ. ಬೇಡ ಅನ್ನೋಕೆ ನನ್ನ ಹತ್ರ ಏನಿದೆ? ಅದನ್ನ ತೆಗೆಸಿ ನಿಮ್ಮ ಸರದಿ ನೀವೇ ಇಟ್ಕೊಳ್ಳಿ ಅಂತ ಕಾಲು ಹಿಡಿದು ಕೇಳೋಕೂ ನನಗೆ ಬಾಯಿಲ್ಲ."

ಕಗೋಯಾ ಮೆಲ್ಲಗೆ ಕೂತು, ಅಳುತ್ತಿದ್ದ ಮಗುವನ್ನು ಎತ್ತಿಕೊಂಡಳು. "ಹಾಗಾದ್ರೆ ಇಲ್ಲಿಗ್ಯಾಕೆ ಬಂದೆ?"

ನೈಗಾಗ ಸುತ್ತ ನೋಡಿ ದನಿ ತಗ್ಗಿಸಿದಳು.

"ನರ್ಸಮ್ಮನ್ನ ಕೇಳೋಕೆ. ನಿಮಗೆ ಹಾಕಿದ್ದಾರಲ್ಲ, ಅಂಥದ್ದೇ ನನಗೂ ಒಂದು ಹಾಕಿ ಅಂತ."