ಹೇಸರಗತ್ತೆಯ ಹಗ್ಗ

ಅಂದು ಮುಂಜಾನೆ ಅರಗಾನ್ ಸೀಮೆಯ ಆ ಹಳ್ಳಿಯಲ್ಲಿ ಕುಳಿರ್ಗಾಳಿ ಚೌಕದಲ್ಲಿ ಯಜಮಾನಿಕೆಯೇ ಬೇಡವೆಂದವರು ಏರಿಸಿದ್ದ ಕೆಂಪು-ಕಪ್ಪು ಬಾವುಟವನ್ನು ಹರಿದುಹಾಕುವಂತೆ ಬೀಸುತ್ತಿತ್ತು. ಸಾಹುಕಾರನನ್ನು ಓಡಿಸಿ, ಹೊಲ-ದನಗಳನ್ನೆಲ್ಲ ಒಂದುಗೂಡಿಸಿದ ಊರಿನವರ ಸಭೆಯಲ್ಲಿ ಮುದುಕ ಸಿಪ್ರಿಯಾನೊ ಎದ್ದು ನಿಂತ.

"ಇನ್ಮೇಲೆ ಯಾರಿಗೂ ಯಾರೂ ಯಜಮಾನ ಅಲ್ಲ ಅಂದ್ರಲ್ಲಪ್ಪ? ಹಂಗಾದ್ರೆ ನೀವೂ ನನಗೆ ಯಜಮಾನರಲ್ಲ, ನಾನು ನಿಮ್ಮೊಟ್ಟಿಗೆ ಸೇರಾಕಿಲ್ಲ. ನನ್ನ ಹೇಸರಗತ್ತೆ ಕೊಟ್ಬಿಡಿ."

"ಸಾಹುಕಾರನ ಬಾಲ!" ಎಂದು ಕೂಗಿ ಅವನೆದೆಗೆ ಬಂದೂಕು ಗುರಿಯಿಟ್ಟವನು ಅವನ ಸ್ವಂತ ಮಗ ಬ್ಲಾಸ್. ಮುದುಕ ಶಿಲುಬೆಯ ಗುರುತು ಮಾಡಿಕೊಂಡು ಕಣ್ಣು ಮುಚ್ಚಿದ.

ಸಭೆ ನಡೆಸುತ್ತಿದ್ದ ಒರೋಸಿಯ ಎಂಬಾಕೆ ಊರೊಟ್ಟಿನ ಕೊಟ್ಟಿಗೆಯಿಂದ ಹೇಸರಗತ್ತೆಯನ್ನು ಬಿಚ್ಚಿ ತಂದಳು. "ಇಳಿಸೋ ಅದನ್ನ, ಬ್ಲಾಸ್. ಬಂದೂಕು ತೋರ್ಸಿ ಸೇರಿಸ್ಕಂಡ್ರೆ ಸಾಹುಕಾರಂಗೂ ನಮಗೂ ಏನ್ಲಾ ವ್ಯತ್ಯಾಸ? ತಾತ, ನೀನೊಬ್ಬನೇ ಉಳೋ ಅಷ್ಟು ಹೊಲ ನಿಂದು. ಕೂಲಿಯಾಳು ಮಾತ್ರ ಇಡೋ ಹಂಗಿಲ್ಲ."

ಆಮೇಲೆ ಹೇಸರಗತ್ತೆಯ ಹಗ್ಗವನ್ನು ಮುದುಕನ ಕೈಗಿಟ್ಟಳು.